ಅರಿವಳಿಕೆ ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ

ಕೆಲವು ವರ್ಷಗಳ ಹಿಂದಿನ ಮಾತು. ಝುಹರ್ ನಮಾಝ್ ಮುಗಿಸಿ ದವಾಖಾನೆಗೆ ಮರಳುವಷ್ಟರಲ್ಲಿ ಫೋನ್ ಬಂತು. ಮಾತನಾಡಿದವರು ಒಂದು ಆಸ್ಪತ್ರೆಯ ಅರಿವಳಿಕೆ ವೈದ್ಯರು. "ನಿಮ್ಮ ಹತ್ತಿರ ಬಿ.ಪಿ.ಗೆ ಔಷಧಿ ತೆಗೆದುಕೊಳ್ಳುವ ಹೆಂಗಸೊಬ್ಬರು ಇವತ್ತು ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ನೀವು ಕೊಟ್ಟ ಗುಳಿಗೆಯಲ್ಲಿ ಏನಿದೆ ಹೇಳಿ ಡಾಕ್ಟ್ರೇ" ಎಂದರು. "ಅಸ್ರೋಲ್, ಅಂದರೆ ಸರ್ಪಗಂಧ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅದಕ್ಕೇ ನೋಡಿ" ಎಂದು ಅವರು ನಡೆದದ್ದನ್ನು ಹೇಳಿದರು.

ಮತ್ತಿನ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಆಕೆಯ ರಕ್ತದೊತ್ತಡ ತೀರಾ ಕೆಳಗಿಳಿದಿತ್ತು. ಅದನ್ನು ಏರಿಸಲು ಕೊಡುವ ಮಾಮೂಲಿ ಇಂಜೆಕ್ಷನ್ ಕೊಟ್ಟರೂ ಏರಲಿಲ್ಲ. ಬೇರೆ ಔಷಧಿ ಹಾಕಿ, ಡ್ರಿಪ್ ಹೆಚ್ಚಿಸಿ, ಬಹಳ ಹೊತ್ತು ಕಷ್ಟಪಟ್ಟು ಸರಿಪಡಿಸಿದ್ದರು. ಹೊರಗೆ ಕುಳಿತಿದ್ದ ಮಗ ತಾಯಿಯ ಚೀಲ ಹುಡುಕಿದಾಗ ನನ್ನ ಗುಳಿಗೆಯ ಡಬ್ಬಿ ಸಿಕ್ಕಿತ್ತು. ಅಲ್ಲಾಹನ ಕೃಪೆಯಿಂದ ಆಕೆ ಕ್ಷೇಮವಾಗಿ ಮನೆಗೆ ಹೋದರು.

ವಾರದ ನಂತರ ಆಕೆ ನನ್ನ ಬಳಿ ಬಂದಾಗ ಕೇಳಿದೆ: "ಖಾಲಾ, ಯಾವ ಔಷಧಿ ತಗೋತೀರಿ ಅಂತ ಅಲ್ಲಿ ಕೇಳಲಿಲ್ಲವೇ?"

"ಕೇಳಿದ್ರು ಹಕೀಮ್ ಸಾಬ್ರೇ, ನಾನೇ ಹೇಳ್ಲಿಲ್ಲ. ಇದು ಗಿಡಮೂಲಿಕಿ ಔಷಧ ಅಲ್ರೀ, ಇದೇನ್ ಮಾಡ್ತದ ಅಂತ ಸುಮ್ಮನಾದೆ. ಹೇಳಿದ್ರ ಬೈತಾರೇನೋ ಅಂತ ಅಂಜಿಕೀನೂ ಇತ್ತು."

ತಪ್ಪು ಆಕೆಯದ್ದು ಮಾತ್ರವಲ್ಲ. ಆಪರೇಷನ್ ವಿಷಯ ನನಗೆ ಮೊದಲೇ ಗೊತ್ತಿತ್ತು. ಒಂದು ಚೀಟಿಯಲ್ಲಿ ಔಷಧಿಯ ಹೆಸರು ಬರೆದುಕೊಟ್ಟಿದ್ದರೆ ಸಾಕಿತ್ತು. ನಾನು ಬರೆಯಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಅರಿವಳಿಕೆ ಎಷ್ಟು ಬೇಗ, ಎಷ್ಟು ಆಳವಾಗಿ ಹಿಡಿಯುತ್ತದೆ ಎಂಬುದು ಔಷಧಿಯ ಗುಣ ಮತ್ತು ರೋಗಿಯ ದೇಹಸ್ಥಿತಿ ಎರಡನ್ನೂ ಅವಲಂಬಿಸಿದೆ. ಔಷಧಿಯ ಗುಣ ವೈದ್ಯರಿಗೆ ಗೊತ್ತಿರುತ್ತದೆ. ನಮ್ಮ ದೇಹದೊಳಗೆ ಏನಿದೆ ಎಂಬುದನ್ನು ನಾವೇ ಹೇಳಬೇಕು.

ಸೂಜಿಯಿಂದ ಮೆದುಳಿನವರೆಗೆ

ಕೈಯ ನರಕ್ಕೆ ಕೊಟ್ಟ ಇಂಜೆಕ್ಷನ್ ಮೊದಲು ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮರಳಿ ಹೃದಯಕ್ಕೆ ಬಂದು ಆಮೇಲೆ ಮೆದುಳು ತಲುಪುತ್ತದೆ. ನಮ್ಮ ಮೆದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ಹೃದಯ ಹೊರಹಾಕುವ ರಕ್ತದ ಸುಮಾರು ಏಳನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಆದ್ದರಿಂದ ಔಷಧಿ ಮೆದುಳಿನ ಬಾಗಿಲಿಗೆ ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ಒಳಗೆ ಪ್ರವೇಶ ಸಿಗುತ್ತದೆಯೇ ಎಂಬುದೇ ಪ್ರಶ್ನೆ.

ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಅದರ ಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಹಾಗಾಗಿ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧಿ ಬೇಗ ಒಳನುಗ್ಗುತ್ತದೆ. ನೀರಿನಲ್ಲಿ ಮಾತ್ರ ಕರಗುವಂಥದ್ದು ಬಾಗಿಲಲ್ಲೇ ಕಾಯುತ್ತದೆ. ಅಫೀಮಿನಿಂದ ಬರುವ ಮಾರ್ಫಿನ್ ಮತ್ತು ಪ್ರಯೋಗಾಲಯದಲ್ಲಿ ತಯಾರಾಗುವ ಫೆಂಟನಿಲ್, ಎರಡೂ ನೋವು ಮರೆಸುವ ಒಂದೇ ವರ್ಗದ ಔಷಧಿಗಳು. ಫೆಂಟನಿಲ್ ಕೊಬ್ಬಿನಲ್ಲಿ ಮಾರ್ಫಿನ್‌ಗಿಂತ ನೂರಾರು ಪಟ್ಟು ಹೆಚ್ಚು ಕರಗುತ್ತದೆ. ಆದ್ದರಿಂದ ಅದರ ಪೂರ್ಣ ಪರಿಣಾಮ ಕೆಲವೇ ನಿಮಿಷಗಳಲ್ಲಿ ಕಾಣುತ್ತದೆ. ನರಕ್ಕೆ ಕೊಟ್ಟ ಮಾರ್ಫಿನ್‌ಗೆ ಕಾಲು ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು.

1934ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಥಯೊಪೆಂಟೋನ್ ಇದೇ ಗುಣದಿಂದ ಹೆಸರಾಯಿತು. ಇಂದು ಹೆಚ್ಚಾಗಿ ಬಳಸುವ ಪ್ರೊಪೊಫಾಲ್ ಕೂಡ ಹಾಗೆಯೇ. ಅದು ಹಾಲಿನಂತೆ ಬೆಳ್ಳಗೆ ಕಾಣುವುದಕ್ಕೆ ಕಾರಣ, ಔಷಧಿ ನೀರಿನಲ್ಲಿ ಕರಗದೆ ಅದನ್ನು ಸೋಯಾ ಎಣ್ಣೆ ಮತ್ತು ಮೊಟ್ಟೆಯಿಂದ ತೆಗೆದ ಲೆಸಿಥಿನ್ ಜೊತೆ ಬೆರೆಸಿರುವುದು. ಕೊಟ್ಟ ಅರ್ಧ, ಮುಕ್ಕಾಲು ನಿಮಿಷದಲ್ಲಿ ರೋಗಿ ನಿದ್ದೆಗೆ ಜಾರುತ್ತಾನೆ. ಒಂದೇ ಡೋಸ್ ಕೊಟ್ಟು ನಿಲ್ಲಿಸಿದರೆ ಹತ್ತು ನಿಮಿಷದೊಳಗೆ ಎಚ್ಚರವಾಗುವುದೂ ಉಂಟು. ಔಷಧಿ ಅಷ್ಟರಲ್ಲಿ ದೇಹದಿಂದ ಹೊರಹೋಗಿರುವುದಿಲ್ಲ. ಮೆದುಳಿನಿಂದ ಮಾಂಸಖಂಡಗಳಿಗೆ, ಅಲ್ಲಿಂದ ನಿಧಾನವಾಗಿ ಕೊಬ್ಬಿಗೆ ಸರಿದಿರುತ್ತದೆ, ಅಷ್ಟೆ. ಆಪರೇಷನ್ ಆದ ದಿನ ಗಾಡಿ ಓಡಿಸಬೇಡಿ, ಜಮೀನಿನ ಕಾಗದಪತ್ರಕ್ಕೆ ಸಹಿ ಹಾಕಬೇಡಿ ಎಂದು ಹೇಳುವುದು ಅದಕ್ಕೇ.

ಇನ್ನೊಂದು ಸಂಗತಿಯೂ ಇದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇರುತ್ತದೆ. ಔಷಧಿಯ ಹೆಚ್ಚಿನ ಪಾಲು ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟದೆ ಉಳಿದ ಪಾಲು ಮಾತ್ರ ಮೆದುಳಿನೊಳಗೆ ಹೋಗಬಲ್ಲದು. ಯಕೃತ್ತಿನ ಕಾಯಿಲೆ ಇದ್ದವರಲ್ಲಿ, ಹೊಟ್ಟೆಗೆ ಸಾಲದೆ ಸೊರಗಿದವರಲ್ಲಿ ಆಲ್ಬುಮಿನ್ ಕಡಿಮೆ. ಅಂಥವರಿಗೆ ಮಾಮೂಲಿ ಡೋಸ್ ಕೂಡ ಜೋರಾಗಿ ಹಿಡಿಯಬಹುದು.

ಹೃದಯ ದುರ್ಬಲವಾಗಿರುವ ಹಿರಿಯರಲ್ಲಿ ರಕ್ತದ ಓಟ ನಿಧಾನ. ಇಂಜೆಕ್ಷನ್ ಮೆದುಳು ತಲುಪಲು ತಡವಾಗುತ್ತದೆ. ಇನ್ನೂ ಮತ್ತು ಬರಲಿಲ್ಲವೆಂದು ಅವಸರದಲ್ಲಿ ಮತ್ತಷ್ಟು ಕೊಟ್ಟರೆ ಎರಡೂ ಒಟ್ಟಿಗೆ ತಲುಪಿ ರಕ್ತದೊತ್ತಡ ಕುಸಿಯುತ್ತದೆ. ಅನುಭವಿ ವೈದ್ಯರು ಸ್ವಲ್ಪ ಕೊಟ್ಟು, ಕಾಯ್ದು, ಮತ್ತೆ ಸ್ವಲ್ಪ ಕೊಡುತ್ತಾರೆ. ಎದೆನೋವು, ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನ ಬಾವು ಇವನ್ನೆಲ್ಲ ಅವರು ಕೆದಕಿ ಕೆದಕಿ ಕೇಳುವುದು ಸುಮ್ಮನೆ ಅಲ್ಲ.

ಉಸಿರಿನ ಮೂಲಕ ಕೊಡುವ ಅರಿವಳಿಕೆ

ಅರಿವಳಿಕೆಯನ್ನು ಉಸಿರಿನ ಮೂಲಕವೂ ಕೊಡುತ್ತಾರೆ. ಇಲ್ಲಿ ಲೆಕ್ಕ ಸ್ವಲ್ಪ ವಿಚಿತ್ರ. ರಕ್ತದಲ್ಲಿ ಹೆಚ್ಚು ಕರಗುವ ಔಷಧಿ ಬೇಗ ಮತ್ತು ತರಬೇಕು ಎಂದು ನಮಗೆ ಅನ್ನಿಸುತ್ತದೆ. ಆಗುವುದು ತದ್ವಿರುದ್ಧ. ಬೇಸಿಗೆಯಲ್ಲಿ ಬಿರುಕುಬಿಟ್ಟ ಕರಿಮಣ್ಣಿನ ಹೊಲದ ಮೇಲೆ ಮಳೆ ಬಿದ್ದರೆ ಮೊದಲು ಮಣ್ಣೇ ನೀರು ಕುಡಿಯುತ್ತದೆ. ಹೊಲ ತಣಿದ ಮೇಲೆಯೇ ನೀರು ಹರಿದು ಕೆರೆ ಸೇರುವುದು. ರಕ್ತ ಆ ಹೊಲದಂತೆ, ಮೆದುಳು ಕೆರೆಯಂತೆ. ರಕ್ತವೇ ಹೆಚ್ಚು ಹೀರಿಕೊಳ್ಳುವ ಔಷಧಿ ಮೆದುಳಿಗೆ ಸಾಕಷ್ಟು ತಲುಪಲು ತಡವಾಗುತ್ತದೆ.

1846ರಲ್ಲಿ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬವರು ಜನರ ಮುಂದೆ ತೋರಿಸಿದ ಈಥರ್ ಇಂಥದ್ದು. ರಕ್ತದಲ್ಲಿ ಅದು ಕರಗುವ ಪ್ರಮಾಣದ ಅಂಕಿ ಸುಮಾರು 12. ರೋಗಿ ಪೂರ್ತಿ ನಿದ್ದೆಹೋಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಆ ನಡುವೆ ಕೆಮ್ಮು, ಒದ್ದಾಟ, ವಾಂತಿ. ಅನಂತರ ಬಂದ ಹ್ಯಾಲೊಥೇನ್‌ನ ಅಂಕಿ 2.4. ಈಗಿನ ಸೆವೊಫ್ಲುರೇನ್‌ನದು 0.65, ಡೆಸ್‌ಫ್ಲುರೇನ್‌ನದು 0.42. ಅಂಕಿ ಇಳಿದಷ್ಟೂ ಮತ್ತು ಬೇಗ ಹಿಡಿಯುತ್ತದೆ, ಬೇಗ ಇಳಿಯುತ್ತದೆ. ಆದರೆ ವೇಗ ಒಂದೇ ನೋಡಿದರೆ ಸಾಲದು. ಡೆಸ್‌ಫ್ಲುರೇನ್‌ನ ಘಾಟು ಗಂಟಲನ್ನು ಕೆರಳಿಸುತ್ತದೆ. ಆದ್ದರಿಂದ ಸೂಜಿಗೆ ಹೆದರುವ ಮಕ್ಕಳಿಗೆ ಮುಖವಾಡ ಇಟ್ಟು ಮಲಗಿಸಲು ಘಾಟಿಲ್ಲದ ಸೆವೊಫ್ಲುರೇನನ್ನೇ ಆರಿಸುತ್ತಾರೆ. ಮಕ್ಕಳು ವೇಗವಾಗಿ ಉಸಿರಾಡುವುದರಿಂದ ದೊಡ್ಡವರಿಗಿಂತ ಬೇಗ ನಿದ್ದೆಹೋಗುತ್ತಾರೆ. ಇದನ್ನು ಕಂಡು ತಾಯಂದಿರು ಗಾಬರಿಯಾಗಬೇಕಿಲ್ಲ.

ಹೈದರಾಬಾದ್ ಕಲಿಸಿದ ಪಾಠ

ಕಲಬುರಗಿ, ಬೀದರ್, ರಾಯಚೂರು ನಿಜಾಮರ ಆಡಳಿತದಲ್ಲಿದ್ದ ಕಾಲದಲ್ಲಿ ಹೈದರಾಬಾದ್ ಅರಿವಳಿಕೆಯ ಇತಿಹಾಸದಲ್ಲಿ ದೊಡ್ಡ ಹೆಸರು ಮಾಡಿತ್ತು. ಅಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ ಇದ್ದರು. ಅವರಿಗೆ ಕ್ಲೋರೊಫಾರ್ಮ್ ಮೇಲೆ ಬಹಳ ವಿಶ್ವಾಸ. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ಇದರಿಂದ ನೇರ ಅಪಾಯವಿಲ್ಲ ಎಂಬುದು ಅವರ ವಾದ. 1888ರಲ್ಲಿ ಹೈದರಾಬಾದ್ ಕ್ಲೋರೊಫಾರ್ಮ್ ಕಮಿಷನ್ ಈ ವಾದವನ್ನು ಎತ್ತಿಹಿಡಿಯಿತು. ಲಂಡನ್ನಿನ ವೈದ್ಯರು ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟು ಅಲ್ಲಿಂದ ತಜ್ಞರನ್ನು ಕರೆಸಿದರು. 1889ರಲ್ಲಿ ಲಾಡರ್ ಬ್ರಂಟನ್ ಬಂದು ಎರಡನೇ ಕಮಿಷನ್ ನಡೆಯಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ತೀರ್ಪು ಮತ್ತೆ ಲಾರಿಯವರ ಪರವಾಗಿಯೇ ಬಂತು. ಅದೇ ನಗರದಲ್ಲಿ ವೈದ್ಯಕೀಯ ಓದಿದ ರೂಪಾಬಾಯಿ ಫರ್ದೂನ್‌ಜೀ ಅರಿವಳಿಕೆ ಕೊಡುವುದರಲ್ಲಿ ಪಳಗಿದ ಜಗತ್ತಿನ ಮೊದಲ ಮಹಿಳೆಯರಲ್ಲಿ ಒಬ್ಬರು ಎಂಬುದೂ ನಾವು ಹೆಮ್ಮೆಪಡುವ ಸಂಗತಿ.

ಆದರೆ 1911ರಲ್ಲಿ ಇಂಗ್ಲೆಂಡಿನ ಗುಡ್‌ಮನ್ ಲೆವಿ ಎಂಬವರು, ಕ್ಲೋರೊಫಾರ್ಮ್‌ನ ಮತ್ತು ಹಗುರವಾಗಿರುವಾಗಲೇ ಹೃದಯದ ಬಡಿತ ದಿಕ್ಕುತಪ್ಪಿ ಸಾವು ಬರಬಹುದೆಂದು ತೋರಿಸಿದರು. ಕಮಿಷನ್ನಿನ ತೀರ್ಪು ನಿಲ್ಲಲಿಲ್ಲ. ಉಸಿರಾಟದ ಮೇಲೆ ಕಣ್ಣಿಡಬೇಕು ಎಂಬ ಅವರ ಎಚ್ಚರಿಕೆ ಇಂದಿಗೂ ಸರಿ. ಹೃದಯಕ್ಕೆ ಏನೂ ಆಗದು ಎಂಬುದು ತಪ್ಪಾಗಿತ್ತು. ಇದರಿಂದ ನಾನು ಕಲಿತದ್ದು ಇಷ್ಟು: ಒಂದು ಔಷಧಿಯ ಮೇಲಿನ ಪ್ರೀತಿ ಅದರ ದೋಷವನ್ನು ಕಾಣದಂತೆ ಮಾಡಬಾರದು. ಈ ಮಾತು ಯುನಾನಿ ವೈದ್ಯರಾದ ನಮಗೂ ಅನ್ವಯಿಸುತ್ತದೆ.

ನಮ್ಮ ಔಷಧಿಗಳಿಗೂ ಗುಣವಿದೆ

ಯುನಾನಿ ಪದವಿಯಲ್ಲಿ ಇಲ್ಮುಲ್ ಅದ್ವಿಯಾ, ಅಂದರೆ ಔಷಧಿಗಳ ವಿದ್ಯೆ ಓದುವಾಗ ಮೊದಲು ಕಲಿಯುವುದೇ ಔಷಧಿಯ ಗುಣ. ದೇಹದೊಳಗೆ ಸೂಕ್ಷ್ಮವಾಗಿ, ಬೇಗ ಹರಡುವ ಔಷಧಿಗೆ ಲತೀಫ್ ಎನ್ನುತ್ತೇವೆ. ದಪ್ಪವಾಗಿ ನಿಧಾನಕ್ಕೆ ಕೆಲಸ ಮಾಡುವುದಕ್ಕೆ ಕಸೀಫ್ ಎನ್ನುತ್ತೇವೆ. ಮರಗಟ್ಟಿಸುವ ಔಷಧಿಗಳನ್ನು ಮುಖದ್ದಿರ್ ಎಂದು ಬೇರೆಯಾಗಿಯೇ ಗುರುತಿಸಿದ್ದಾರೆ. ಇಬ್ನು ಸೀನಾ ಅವರ 'ಅಲ್ ಕಾನೂನ್' ಗ್ರಂಥದಲ್ಲಿ ಅಫೀಮಿನ ಬಗ್ಗೆ ಎಚ್ಚರಿಕೆಯೂ ಇದೆ. ಇಷ್ಟೆಲ್ಲ ಓದಿದ ನಾವೇ ರೋಗಿಗೆ "ಇದರಿಂದ ಏನೂ ಅಡ್ಡಪರಿಣಾಮವಿಲ್ಲ" ಎಂದು ಹೇಳುವುದು ಸರಿಯೇ? ರಕ್ತದೊತ್ತಡ ಇಳಿಸುವ ಶಕ್ತಿ ಇರುವ ಬೇರು, ಆಪರೇಷನ್ ಟೇಬಲ್ ಮೇಲೆ ಮಾತ್ರ ಸುಮ್ಮನಿರುತ್ತದೆಯೇ?

ಸರ್ಪಗಂಧದ ವಿಷಯವನ್ನೇ ನೋಡಿ. ಹಕೀಮ್ ಅಜ್ಮಲ್ ಖಾನರ ಪ್ರೋತ್ಸಾಹದಿಂದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆ ಆರಂಭಿಸಿದ ಸಲೀಮುಝ್ಝಮಾನ್ ಸಿದ್ದೀಕಿ, 1931ರಲ್ಲಿ ಈ ಬೇರಿನಿಂದ ಒಂದು ಸತ್ವವನ್ನು ಬೇರ್ಪಡಿಸಿ ಅದಕ್ಕೆ ಹಕೀಮರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಇದೇ ಬೇರಿನ ಇನ್ನೊಂದು ಸತ್ವ ರಿಸರ್ಪಿನ್. ರಕ್ತನಾಳಗಳನ್ನು ಬಿಗಿಯಾಗಿಡುವ ನಾರ್‌ಅಡ್ರಿನಲಿನ್ ಎಂಬ ವಸ್ತು ನರಗಳ ತುದಿಯಲ್ಲಿ ಸಂಗ್ರಹವಾಗಿರುತ್ತದೆ. ರಿಸರ್ಪಿನ್ ಆ ಗೋದಾಮನ್ನು ಬರಿದುಮಾಡುತ್ತದೆ. ಹಾಗಾಗಿ ರಕ್ತದೊತ್ತಡ ಇಳಿಯುತ್ತದೆ, ಮನಸ್ಸೂ ಶಾಂತವಾಗುತ್ತದೆ. ಅಂಥ ರೋಗಿಗೆ ಅರಿವಳಿಕೆ ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತದೆ. ಎಲ್ಲರಿಗೂ ಕೊಡುವಷ್ಟು ಕೊಟ್ಟರೆ ಅತಿಯಾಗುತ್ತದೆ. ರಕ್ತದೊತ್ತಡ ಏರಿಸುವ ಕೆಲವು ಇಂಜೆಕ್ಷನ್‌ಗಳು ಅದೇ ಗೋದಾಮಿನ ಸರಕನ್ನು ಹೊರತಂದು ಕೆಲಸ ಮಾಡುವಂಥವು. ಗೋದಾಮು ಖಾಲಿಯಿದ್ದರೆ ಅವು ಏನು ತರಬೇಕು? ಆ ದಿನ ಖಾಲಾಗೆ ಆದದ್ದು ಇದೇ ಎಂದು ನನ್ನ ಅಭಿಪ್ರಾಯ. ಗುಳಿಗೆ ನಿಲ್ಲಿಸಿದರೂ ಇದರ ಪ್ರಭಾವ ಹಲವು ದಿನ ಉಳಿಯುತ್ತದೆ. ಹಾಗಾಗಿ ಹಿಂದಿನ ದಿನ ಬಿಟ್ಟೆ ಎಂದರೆ ಪ್ರಯೋಜನವಿಲ್ಲ.

ಇದೊಂದೇ ಅಲ್ಲ. ಬರ್ಶಾಶಾ ಎಂಬ ಮಾಜೂನಿನಲ್ಲಿ ಅಫೀಮು ಇದೆ. ಖುರಾಸಾನಿ ಅಜ್ವಾನ್‌ನಲ್ಲಿ ಬಾಯಿ ಒಣಗಿಸುವ, ನಾಡಿ ಏರಿಸುವ, ಮಂಪರು ತರುವ ಸತ್ವಗಳಿವೆ. ಕೆಮ್ಮಿಗೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ಸೇವಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ, ಸ್ನಾಯುಗಳ ಬಲ ಎರಡೂ ಕೆಡಬಹುದು. ಬೆಳ್ಳುಳ್ಳಿಯ ಕ್ಯಾಪ್ಸೂಲ್‌ಗಳನ್ನು ಹೆಚ್ಚಾಗಿ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು. ಸಾರಿಗೆ ಹಾಕುವ ನಾಲ್ಕು ಎಸಳಿಗೆ ಹೆದರಬೇಕಿಲ್ಲ. ಇವು ಕೆಟ್ಟ ಔಷಧಿಗಳು ಎಂದು ನಾನು ಹೇಳುತ್ತಿಲ್ಲ. ಇವುಗಳಲ್ಲಿ ಕೆಲವನ್ನು ನಾನೇ ಬರೆದುಕೊಡುತ್ತೇನೆ. ಮುಚ್ಚಿಡಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ನಾಚಿಕೆಯಿಂದ ಮುಚ್ಚಿಡುವುದು

ಇನ್ನು ಕೆಲವನ್ನು ಜನ ನಾಚಿಕೆಯಿಂದ ಮುಚ್ಚಿಡುತ್ತಾರೆ. ನಮ್ಮ ಸಮುದಾಯದಲ್ಲಿ ಕುಡಿತ ಹರಾಮ್. ಹಾಗೆಂದು ಕುಡಿಯುವವರೇ ಇಲ್ಲವೇ? ತಂದೆ, ಅಣ್ಣ, ಹೆಂಡತಿ ಎದುರಿಗಿರುವಾಗ "ಕುಡಿಯುತ್ತೀರಾ?" ಎಂದು ವೈದ್ಯರು ಕೇಳಿದರೆ ಯಾರು ಹೂಂ ಎನ್ನುತ್ತಾರೆ? ಆದರೆ ದಿನಾ ಕುಡಿಯುವವನ ಮೆದುಳು ಪಳಗಿರುವುದರಿಂದ ಮತ್ತಿನ ಔಷಧಿ ಹೆಚ್ಚು ಬೇಕಾಗಬಹುದು. ಅದೇ ದಿನ ಕುಡಿದು ಬಂದಿದ್ದರೆ ಕಡಿಮೆ ಸಾಕು. ಆಪರೇಷನ್ ನಂತರ ಕುಡಿತ ತಟ್ಟನೆ ನಿಂತಾಗ ನಡುಕ, ಭ್ರಮೆ, ಅಪಸ್ಮಾರ ಬರಬಹುದು. ಮೊದಲೇ ಗೊತ್ತಿದ್ದರೆ ಇವೆಲ್ಲಕ್ಕೂ ದಾರಿಯಿದೆ. ನಿದ್ದೆ ಗುಳಿಗೆ, ಗಾಂಜಾ, ಗುಟ್ಕಾ, ಬೀಡಿ, ನೋವಿಗೆಂದು ಅಂಗಡಿಯಿಂದ ತಂದು ತಿನ್ನುವ ಗುಳಿಗೆ, ಎಲ್ಲಕ್ಕೂ ಇದೇ ಮಾತು.

ತಾನು ಮಾಡಿದ ತಪ್ಪನ್ನು ಊರಿಗೆಲ್ಲ ಸಾರಬಾರದು ಎಂಬುದು ನಮ್ಮ ದೀನ್ ಕಲಿಸಿದ ಶಿಸ್ತು. ಆದರೆ ಪ್ರಾಣ ಉಳಿಸಲು ಕೇಳುವ ವೈದ್ಯರಿಗೆ ನಿಜ ಹೇಳುವುದು ತಪ್ಪನ್ನು ಸಾರಿದಂತೆ ಅಲ್ಲ. ದೇಹ ಅಲ್ಲಾಹನು ನಮಗೆ ಕೊಟ್ಟ ಅಮಾನತ್. ಅದನ್ನು ಕಾಯಲು ಹೇಳುವ ಮಾತು ಅದು. ಮನೆಯವರ ಮುಂದೆ ಹೇಳಲಾಗದಿದ್ದರೆ "ಡಾಕ್ಟ್ರೇ, ಎರಡು ನಿಮಿಷ ಒಬ್ಬನೇ ಮಾತಾಡಬೇಕು" ಎನ್ನಿ. ವೈದ್ಯರೂ ಮನೆಯವರನ್ನು ಸ್ವಲ್ಪ ಹೊರಗೆ ಕಳುಹಿಸಿ ಕೇಳುವ ರೂಢಿ ಇಟ್ಟುಕೊಳ್ಳಬೇಕು.

ಖಾಲಿ ಹೊಟ್ಟೆಯ ನಿಯಮ

ಮತ್ತು ಹಿಡಿಯುವ ಹೊತ್ತಿನಲ್ಲಿ ಗಂಟಲಿನ ಕಾವಲು ಕಳಚುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದ್ದರಿಂದ ಸಾಮಾನ್ಯವಾಗಿ ಹಗುರ ಊಟಕ್ಕೆ 6 ಗಂಟೆ, ಬಿರಿಯಾನಿಯಂಥ ಜಿಡ್ಡಿನ ಊಟಕ್ಕೆ 8 ಗಂಟೆ, ಎದೆಹಾಲಿಗೆ 4 ಗಂಟೆ, ನೀರಿಗೆ 2 ಗಂಟೆ ಅಂತರವಿರಬೇಕು. ಸಕ್ಕರೆ ಕಾಯಿಲೆ ಇದ್ದವರ ಹೊಟ್ಟೆ ನಿಧಾನವಾಗಿ ಖಾಲಿಯಾಗಬಹುದು. ಅವರಿಗೆ ಆಸ್ಪತ್ರೆ ಹೇಳಿದ್ದೇ ಕೊನೆಯ ಮಾತು.

ಇಲ್ಲಿ ನಮ್ಮವರಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಪ್ರೀತಿಯಿಂದ ಝಮ್‌ಝಮ್ ನೀರನ್ನೋ, ದುಆ ಓದಿ ಊದಿದ ನೀರನ್ನೋ ಕುಡಿಸುವುದು ಒಂದು. ದುಆ ಮಾಡಿ, ಖಂಡಿತ ಮಾಡಿ. ನೀರನ್ನು ಆಸ್ಪತ್ರೆ ಹೇಳಿದ ಸಮಯದೊಳಗೆ ಕುಡಿಸಿ, ಆಮೇಲೆ ಬೇಡ. ಬಾಯಲ್ಲಿ ಉಳಿದ ಅಡಿಕೆ, ಬೆಳಿಗ್ಗೆ ನೆಕ್ಕಿದ ಮಾಜೂನು ಕೂಡ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತಪ್ಪು ರಮಝಾನಿನಲ್ಲಿ. ಹೇಗೂ ಖಾಲಿ ಹೊಟ್ಟೆಯಲ್ಲಿರಬೇಕಲ್ಲ, ರೋಝಾ ಇಟ್ಟೇ ಹೋಗುತ್ತೇನೆ ಎನ್ನುವವರಿದ್ದಾರೆ. ದಿನವಿಡೀ ನೀರಿಲ್ಲದೆ ಒಣಗಿದ ದೇಹಕ್ಕೆ ಮತ್ತಿನ ಇಂಜೆಕ್ಷನ್ ಬಿದ್ದರೆ ರಕ್ತದೊತ್ತಡ ಬೇಗ ಕುಸಿಯುತ್ತದೆ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿಯನ್ನು ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದಲ್ಲೇ ನೀಡಲಾಗಿದೆ. ಅದನ್ನು ಬಳಸಿಕೊಳ್ಳಿ.

ಎರಡೂ ಕಡೆಯ ವೈದ್ಯರಿಗೆ

ನನ್ನ ಯುನಾನಿ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಔಷಧಿಯ ಹೆಸರನ್ನು ಗುಟ್ಟಾಗಿಡುವ ಹಳೇ ಚಾಳಿಯನ್ನು ಬಿಡೋಣ. ಪುಡಿ ಕಟ್ಟಿಕೊಟ್ಟರೂ ಅದರಲ್ಲಿ ಏನೇನಿದೆ ಎಂದು ಚೀಟಿಯಲ್ಲಿ ಬರೆಯೋಣ. ಆಸ್ಪತ್ರೆಯ ವೈದ್ಯರಲ್ಲೂ ಒಂದು ವಿನಂತಿ. ಯುನಾನಿ, ಆಯುರ್ವೇದ ಎಂದ ಕೂಡಲೇ ರೋಗಿಯನ್ನು ಗದರಿಸಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಓದುಗರಿಗೆ ಹೇಳುವುದಿಷ್ಟು. ಆಪರೇಷನ್ ದಿನ ಗೊತ್ತಾದ ಕೂಡಲೇ, ಸಾಧ್ಯವಾದರೆ ಎರಡು ವಾರ ಮೊದಲೇ, ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ಒಂದು ಚೀಲಕ್ಕೆ ಹಾಕಿ ಅರಿವಳಿಕೆ ವೈದ್ಯರ ಮುಂದಿಡಿ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಅವರು ಹೇಳಲಿ. ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಬಿ.ಪಿ. ಗುಳಿಗೆಗಳನ್ನು ತಟ್ಟನೆ ಬಿಡುವುದೂ ಅಪಾಯ. ಹಿಂದೆ ಅರಿವಳಿಕೆ ಪಡೆದಾಗ ನಿಮಗೆ ಅಥವಾ ನಿಮ್ಮ ರಕ್ತಸಂಬಂಧಿಗಳಿಗೆ ತೊಂದರೆಯಾಗಿದ್ದರೆ ಅದನ್ನೂ ಹೇಳಿ.

ಕಳೆದ ವರ್ಷ ಅದೇ ಖಾಲಾಗೆ ಪಿತ್ತಕೋಶದ ಆಪರೇಷನ್ ಆಯಿತು. ಈ ಸಲ ತಿಂಗಳ ಮೊದಲೇ ಬಂದು "ಬರೆದುಕೊಡ್ರಿ ಹಕೀಮ್ ಸಾಬ್ರೇ" ಎಂದು ಎದುರಿಗೆ ಕುಳಿತರು. ಬರೆದುಕೊಟ್ಟೆ. ಅಲ್ಲಿನ ವೈದ್ಯರು ಚೀಟಿ ನೋಡಿ ಫೋನ್ ಮಾಡಿದರು. ಇಬ್ಬರೂ ಮಾತಾಡಿ ಗುಳಿಗೆ ಬದಲಿಸಿದೆವು. ಆಪರೇಷನ್ ಮುಗಿದ ಸಂಜೆ ಅವರ ಮಗ ಕರೆ ಮಾಡಿ, "ಈ ಸಲ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದ.